ರೇಂಜ್ ನುಂಗಿದ ಒಂದಕ್ಷರ

"ಸಾಲು ತಪ್ಪಿಸ್ಬೇಡಿ! ಹಿಂದೆ ಹೋಗಿ!"

ನರಿಮೊಗರಿನ ಹಾಲಿನ ಸೊಸೈಟಿಯ ಕಿಟಕಿಯಿಂದ ಭವಿತಾ ಗದರಿದಳು. ಎದುರಿಗೆ ನಿಂತವನ ಕೈಯಲ್ಲಿ ಹಾಲಿನ ಕ್ಯಾನೇ ಇರಲಿಲ್ಲ!

"ಆಟದಲ್ಲೂ ಹೀಗೇ ಬೈತೀರಿ, ಕ್ಯಾಪ್ಟನ್..."

ಆ ಸ್ವರ! ಎಂಟು ತಿಂಗಳಿಂದ ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಸ್ವರ. ರಾಮಕುಂಜದ ಕೀರ್ತನ್! ಸೊಸೈಟಿಯ ಕೆಲಸದ ಬಗ್ಗೆ ಅವಳೇ ಅವನಿಗೆ ಹೇಳಿದ್ದುಂಟು, ಮುಖ ನೋಡಿದ್ದು ಮಾತ್ರ ಇದೇ ಮೊದಲು. ಮೂರು ದಿನದ ಹಿಂದೆ ಅವನನ್ನು ಕ್ಲಬ್ಬಿನಿಂದ ಹೊರಗೆ ಹಾಕಿದವಳು ಅವಳೇ.

"ನನ್ನನ್ನು ತೆಗೆದದ್ದು ಯಾಕೆ? ಅಷ್ಟು ಹೇಳಿ."

"ಹಾಲು ಅಳೆದು ಮುಗೀಲಿ," ಎಂದಳು ಬಿರುಸಾಗಿ.

'ಇಷ್ಟು ಚಂದ ಇರಬೇಕಿತ್ತಾ ಇವನು... ಸಿಟ್ಟು ಮಾಡುವುದಾದರೂ ಹೇಗೆ!'

ಸಿಟ್ಟಿಗೆ ಕಾರಣವಿತ್ತು. ಆನ್‌ಲೈನ್ ಆಟದ ಆ ಕ್ಲಬ್ಬನ್ನು ನಾಲ್ಕು ಜನರಿಂದ ನಲವತ್ತಕ್ಕೆ ಬೆಳೆಸಿದವಳು ಭವಿತಾ. ತಂಡ ಕಟ್ಟುವುದು, ಜಗಳ ಬಿಡಿಸುವುದು ಎಲ್ಲ ಅವಳ ತಲೆಗೇ ಬಂತು. ಊಟದ ತಟ್ಟೆಯ ಪಕ್ಕದಲ್ಲೂ ಮೊಬೈಲು.

"ನಿನ್ನತ್ರ ಮಾತಾಡ್ಲಿಕ್ಕೆ ನಾನೂ ಕ್ಲಬ್ಬಿಗೆ ಸೇರ್ಬೇಕಾ ಎಂತ?" ಎಂದು ಅಮ್ಮ ನೀಲಾವತಿ ಕೇಳಿದಾಗ ಅವಳಿಗೆ ಅಳುವೇ ಬಂದಿತ್ತು. ಅದನ್ನು ಹೇಳಿಕೊಂಡದ್ದು ಕೀರ್ತನ್ ಒಬ್ಬನ ಹತ್ತಿರ.

ಅದಕ್ಕೆ ಅವನು ಏನೆಂದ? "ಕ್ಯಾಪ್ಟನ್ ಕೆಲಸ ನಾನು ನೋಡ್ತೇನೆ. ಇನ್ನು ಬಿಡು..." ಅಷ್ಟರಲ್ಲಿ ರೇಂಜ್ ಹೋಯಿತು.

ಬಿಡು! ಸಿಕ್ಕಿದ್ದೇ ಸಮಯವೆಂದು ಅವಳ ಜಾಗಕ್ಕೆ ಕೈ ಹಾಕಿದ್ದು ಸಾಲದು, ಏಕವಚನ ಬೇರೆ!

ಸಾಲು ಕರಗಿದ ಮೇಲೆ ಭವಿತಾ ಹೊರಗೆ ಬಂದಳು.

"ನಾನು ಕಟ್ಟಿದ ಕ್ಲಬ್ಬನ್ನು ನಾನೇ ಬಿಡ್ಬೇಕಾ? ಅದೂ 'ಬಿಡು' ಅಂತ ಹೇಳಿಸಿಕೊಂಡು..."

ಕೀರ್ತನ್ ಬೆಪ್ಪಾಗಿ ನೋಡಿದ. ಮರುಕ್ಷಣ ಹಣೆ ಚಚ್ಚಿಕೊಂಡ.

"ಅಯ್ಯೋ ಮಾರಾಯ್ರೆ! ಬಿಡು ಅಲ್ಲ, ಬಿಡುವು! 'ಇನ್ನು ಬಿಡುವು ಮಾಡಿಕೊಳ್ಳಿ. ವಾರಕ್ಕೆ ಮೂರು ದಿನ ಅಮ್ಮನೊಟ್ಟಿಗೆ ಕೂತು ಊಟ ಮಾಡಿ.' ಇಷ್ಟು ಹೇಳಿದ್ದೆ ನಾನು!"

ಭವಿತಾಳ ಸಿಟ್ಟೆಲ್ಲ ಜರ್ರನೆ ಇಳಿಯಿತು. ಛೆ... ಒಂದು ಅಕ್ಷರಕ್ಕೆ ಇಷ್ಟು ಅವಾಂತರ!

"ಒಂದು ಫೋನ್ ಮಾಡ್ಬಹುದಿತ್ತಲ್ಲ?"

"ನಂಬರೂ ಬ್ಲಾಕ್ ಮಾಡಿದ್ದೀರಿ!"

ಇಬ್ಬರಿಗೂ ನಗು ಬಂತು. ಅವಳೇ ಮೆಲ್ಲಗೆ ಕೇಳಿದಳು.

"ಕ್ಲಬ್ಬಿಗೆ ಪುನಃ ಸೇರ್ಲಿಕ್ಕೆ ಇಷ್ಟು ದೂರ ಬಂದದ್ದಾ?"

"ಕ್ಲಬ್ ಬೇಕಾದಷ್ಟು ಉಂಟು. ನಿಮ್ಮ ಸ್ವರ ಕೇಳದೆ ಮೂರು ದಿನ ಊಟ ಸೇರ್ಲಿಲ್ಲ. ನನಗೆ ನೀವು ಬೇಕು, ಭವಿತಾ..."

ಅವಳ ಕಣ್ಣು ತುಂಬಿತು. ತನ್ನ ಕ್ಲಬ್ಬೂ ಉಳಿಯಿತು, ಅಮ್ಮನ ಊಟದ ಹೊತ್ತೂ ಸಿಕ್ಕಿತು. ಅದಕ್ಕೆ ದಾರಿ ಮಾಡಿದವನನ್ನೇ ಅವಳು ಹೊರಗೆ ಹಾಕಿದ್ದಳು!

"ಮಂಗಳವಾರ, ಗುರುವಾರ, ಶನಿವಾರ ಕ್ಲಬ್ ನೀವು ನೋಡಿ. ಆ ದಿನ ಊಟದ ಹೊತ್ತಿಗೆ ನಾನು ಮೊಬೈಲ್ ಮುಟ್ಟುದಿಲ್ಲ."

"ಹಾಗಾದ್ರೆ ಮೂರು ದಿನ ಈ ಸ್ವರ ಇಲ್ವಾ?"

"ಭಾನುವಾರ ಊಟಕ್ಕೆ ಮನೆಗೇ ಬನ್ನಿ. ಅಮ್ಮನಿಗೆ ನಾನು ಹೇಳ್ತೇನೆ. ಮತ್ತೆ... ಆ ಏಕವಚನ..."

"ಅದು ನಾನು ಹೇಳಲೇ ಇಲ್ಲ ಮಾರಾಯ್ರೆ!"

"ಇನ್ನು ಹೇಳ್ಬಹುದು."

ಕೀರ್ತನ್‌ನ ಕಿವಿ ಕೆಂಪಾಯಿತು.

"ಭಾನುವಾರ ಬರ್ತೇನೆ, ಭವಿತಾ... ಕಾಯ್ತೀಯಾ?"

"ಕಾಯ್ತೇನೆ. ತಡ ಮಾಡ್ಬೇಡ!"