ಬಾಯಿಪಾಠದ ಪ್ರಶ್ನೆಗಳು

ನೆನೆಹಾಕಿದ ಮಡಿಕೆ ಕಾಳಿನ ಮೂರನೆಯ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಎರಡನೆಯ ಇಯತ್ತೆಯ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ಆರತಿ ಟೀಚರ್ ಕೂಡ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆದರೆ ಒಬ್ಬರೂ ಹಿಂದೆ ಸರಿಯಲಿಲ್ಲ.

ಮನೆಯಲ್ಲಿ ನೆನೆಹಾಕಿದ ಕಾಳಿಗೆ ಬಾಲ ಯಾಕೆ ಬರುತ್ತದೆ ಎಂದು ಶಮೀಮ ಕೇಳಿದ್ದೇ ಇದಕ್ಕೆಲ್ಲ ಮೂಲ. ಆರತಿ ಉತ್ತರ ಹೇಳಿರಲಿಲ್ಲ, ಮೂರು ಬಾಟಲಿ ತಂದುಕೊಟ್ಟಿದ್ದಳು. ಒಂದರಲ್ಲಿ ಒಣ ಕಾಳು, ಇನ್ನೊಂದರಲ್ಲಿ ಒದ್ದೆ ಬಟ್ಟೆಯ ಕಾಳು, ಮತ್ತೊಂದರಲ್ಲಿ ಕಂಠದವರೆಗಿನ ನೀರಲ್ಲಿ ಮುಳುಗಿದ ಕಾಳು. ನೀರು ತುಂಬಿದ ಆ ಬಾಟಲಿ ಈಗ ನೊರೆ ಕಟ್ಟಿ ನಾರುತ್ತಿತ್ತು.

"ಟೀಚರ್ರಿ, ಇವು ಸತ್ತಾವೇನ್ರಿ?" ಶಮೀಮ ಕೇಳಿದಳು.

"ನಿನಗೇನ ಅನಸತೈತಿ?"

"ನೀರಾಗ ಮುಣಗಿ ಸತ್ತಾವ್ರಿ. ಆದ್ರ ಸತ್ತದ್ದು ಗುಳ್ಳಿ ಯಾಕ ಬಿಡತೈತ್ರಿ?"

ಆರತಿ ಖುಷಿಯಿಂದ ಮೂಗಿನ ಮೇಲಿನ ಸೆರಗು ತೆಗೆದಳು. ಇಂಥ ಒಂದು ಪ್ರಶ್ನೆಗಾಗಿ ಎಷ್ಟು ನಾತ ಬೇಕಾದರೂ ತಡೆದುಕೊಳ್ಳಬಹುದು ಎನಿಸಿತು.

"ಏನ್ರಿ ಟೀಚರ್, ನಮ್ಮ ಲ್ಯಾಬಿನಾಗೂ ಇಷ್ಟು ವಾಸನಿ ಬರೂದಿಲ್ಲ ನೋಡ್ರಿ." ಬಾಗಿಲಲ್ಲಿ ಅಮರೇಶ ನಿಂತಿದ್ದ. ಮೇಲಿನ ತರಗತಿಗಳ ವಿಜ್ಞಾನದ ಮಾಸ್ತರ.

"ಲ್ಯಾಬಿನ ಕೀಲಿ ತೆಗದ್ರ ಬರತೈತ್ರಿ ಸರ."

ಅವನು ನಕ್ಕ. ನಗುವಾಗ ಅವನ ಕಣ್ಣು ಮೊದಲು ನಗುತ್ತಿತ್ತು, ತುಟಿ ಆಮೇಲೆ. ಅದನ್ನು ಆರತಿ ಎಂದೋ ಗಮನಿಸಿದ್ದಳು, ಗಮನಿಸಿಲ್ಲವೆಂದು ತನಗೆ ತಾನೇ ಹೇಳಿಕೊಂಡೂ ಇದ್ದಳು. ಅವನು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುತ್ತಿದ್ದ, ಅವಳು ಗರಗದಿಂದ. ಸಾಲೆಯ ಗೇಟಿನಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಸೇರುವುದು ಬಸ್ಸುಗಳ ಕೃಪೆಯೇನೂ ಆಗಿರಲಿಲ್ಲ. ಹೋದ ವಾರ ಅವನು ಅಲ್ಲಿಯೇ ಕೇಳಿಬಿಟ್ಟಿದ್ದ.

"ನಿಮ್ಮ ಬಗ್ಗೆ ನಮ್ಮ ಮನ್ಯಾಗ ಮಾತಾಡ್ಲೇನ್ರಿ?"

"ಓಪನ್ ಕ್ಲಾಸ್ ಮುಗೀಲ್ರಿ. ಆಮ್ಯಾಲ ಹೇಳ್ತೇನಿ," ಎಂದಿದ್ದಳು ಆರತಿ. ಹೇಳುವುದು ಏನೆಂದು ಅವಳಿಗೆ ಆಗಲೇ ಗೊತ್ತಿತ್ತು. ಆದರೆ ಶನಿವಾರ ಸಂಸ್ಥೆಯವರೂ ಪಾಲಕರೂ ಬಂದು ಅವಳ ಪಾಠ ನೋಡುವವರಿದ್ದರು. ಅದು ಒಪ್ಪಿಗೆಯಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಗೆ.

ಹೆಡ್ ಸರ್ ಶಾಂತಯ್ಯನವರಿಗೆ ಆ ಶನಿವಾರದ್ದೇ ಚಿಂತೆ. ಮಕ್ಕಳೇ ಪ್ರಶ್ನೆ ಕೇಳಿ ಕಲಿಯುವ ಹೊಸ ಪದ್ಧತಿ ನಮ್ಮ ಸಾಲೆಯಲ್ಲೂ ಇದೆಯೆಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

"ಹುಡುಗ್ರು ಪ್ರಶ್ನಿ ಕೇಳಬೇಕಲ್ರಿ, ಕೇಳಸೂಣು. ಯಾರ್ ಏನ್ ಕೇಳಬೇಕು ಹಂಚಿಬಿಡ್ರಿ. ಬಾಯಿಪಾಠ ಮಾಡಸ್ರಿ."

ಚೇಷ್ಟೆಗೆ ಹೇಳುತ್ತಿದ್ದಾರೆ ಎಂದುಕೊಂಡಳು ಆರತಿ. ಅಲ್ಲ, ಅವರೇ ಬಂದು ನಿಂತು ತಾಲೀಮು ಮಾಡಿಸಿದರು. "ಸಸ್ಯಗಳಿಗೆ ಸೂರ್ಯನ ಬೆಳಕು ಏಕೆ ಬೇಕು ಗುರುಗಳೇ" ಎಂದು ಒಬ್ಬ ಹುಡುಗ ಮಗ್ಗಿ ಹೇಳಿದಂತೆ ಹೇಳಿ, ಉತ್ತರಕ್ಕೂ ಕಾಯದೆ ಕೂತ. ಶಾಂತಯ್ಯನವರು ಶಭಾಸ್ ಎಂದರು. ಉತ್ತರಗಳನ್ನು ಉರು ಹೊಡೆಸಿ ಮಕ್ಕಳ ತಲೆ ಕೆಡಿಸಿದ್ದು ಸಾಲದೆಂದು ಈಗ ಪ್ರಶ್ನೆಗೂ ಕೈ ಹಾಕಿದ್ದರು. ಥೂ, ಇದಕ್ಕಿಂತ ಹೊಲಸು ಇನ್ನೇನಿದೆ?

ಆದರೂ ಪಾಠ ನಡೆಸಲು ಒಪ್ಪಿದಳು. ತನ್ನ ಕೈಯಲ್ಲಿ ಆ ಮೂರು ಬಾಟಲಿಗಳಿವೆಯಲ್ಲ, ಅವುಗಳ ಮುಂದೆ ಮಕ್ಕಳ ಬಾಯಿ ತಾನಾಗಿ ಬಿಚ್ಚುತ್ತದೆ ಎಂಬ ಧೈರ್ಯ.

ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಮೂರನೆಯ ಬಾಟಲಿ ಇರಲಿಲ್ಲ. ಅದರ ಜಾಗದಲ್ಲಿ ಹೊಸ ಬಾಟಲಿ, ಒಳಗೆ ಮಾರ್ಕೆಟ್ಟಿನ ಪಾಕೀಟಿನ ಬೆಳ್ಳನೆಯ ಮೊಳಕೆ ಕಾಳು. ಪಕ್ಕದಲ್ಲಿ ಅಮರೇಶ ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತಿದ್ದ.

"ನಾನ ತಗದೇನ್ರಿ," ಎಂದ, ಮೆಚ್ಚುಗೆಯನ್ನು ಎದುರು ನೋಡುವವನ ಹಾಗೆ. "ಹೆಡ್ ಸರ್ ಸಿಟ್ಟಿಗೆದ್ದಿದ್ರು. ಈ ನಾತಕ್ಕ ನಿಮ್ಮ ನೌಕರಿ ಹೋಗಬಾರದು."

"ಎಲ್ಲಿ ಐತಿ ಈಗ?"

"ಗಟಾರಕ್ಕ ಚೆಲ್ಲಿದೆ."

"ಮಕ್ಕಳು ಕೇಳಿದ್ರ ಏನ್ ಹೇಳ್ಲಿ?"

"ಸಣ್ಣ ಹುಡುಗ್ರು ಟೀಚರ್. ಮರತ ಬಿಡ್ತಾರ."

ಆರತಿ ಅವನ ಮುಖ ನೋಡಿದಳು. ಅದೇ ಕಣ್ಣು, ಅದೇ ತುಟಿ. ಇಷ್ಟು ದಿನ ಕದ್ದು ನೋಡುತ್ತಿದ್ದ ಮುಖ. ಇವನೂ ಹೆಡ್ ಸರ್ ಅಂಥವನೇ ಎಂದು ಅನಿಸಿದ ಕ್ಷಣ ಮೈಯೆಲ್ಲ ಜುಮ್ಮೆಂದಿತು, ಅಸಹ್ಯದಿಂದ.

"ಕೊಳತ ಕಾಳ ಮುಟ್ಟಿದ್ರೂ ನನಗ ಹೇಸಿಗಿ ಬಂದಿರಲಿಲ್ರಿ ಸರ," ಎಂದಳು ಮೆಲ್ಲಗೆ. "ಈಗ ಬರಾಕತ್ತೈತಿ. ಅವತ್ತು ನೀವು ಕೇಳಿದ್ದಕ್ಕ ಉತ್ತರ ಕಾಯಬ್ಯಾಡ್ರಿ."

ಹನ್ನೊಂದಕ್ಕೆ ಪಾಠ ಶುರುವಾಯಿತು. ಮುಂದಿನ ಕುರ್ಚಿಯಲ್ಲಿ ಸಂಸ್ಥೆಯ ಅಧ್ಯಕ್ಷೆ ಶರಣವ್ವನವರು, ಹಿಂದೆ ಪಾಲಕರು, ಗೋಡೆಗೆ ಒರಗಿ ಅಮರೇಶ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಪಾಲಿನ ಪ್ರಶ್ನೆ ಒಪ್ಪಿಸಿ ಕೂತರು. ಜನ ಚಪ್ಪಾಳೆ ತಟ್ಟಿದರು. ಆರತಿಗೆ ಉತ್ತರ ಹೇಳುತ್ತಿದ್ದ ತನ್ನ ದನಿಯೇ ಹೇಸಿಗೆಯೆನಿಸಿತು.

ಶಮೀಮಳ ಸರದಿ ಬಂತು. ಅವಳು ಎದ್ದು ಬಾಯಿ ತೆರೆದಳು, ಬಾಟಲಿ ಕಂಡಿತು, ನಿಂತಳು.

"ಇದು ನಮ್ಮದಲ್ರಿ. ನಮ್ಮದೆಲ್ಲಿ ಹೋತ್ರಿ?"

"ನಿನ್ನ ಪ್ರಶ್ನಿ ಕೇಳವಾ," ಎಂದರು ಶಾಂತಯ್ಯನವರು, ನಗುನಗುತ್ತಲೇ.

"ಇದ ನನ್ನ ಪ್ರಶ್ನಿ ರೀ ಸರ."

"ಅದ ಇದು. ನಿನ್ನೆ ಕೊಳತಿತ್ತು, ಇವತ್ತ ಛಲೋ ಆಗೇತಿ."

"ಕೊಳತದ್ದು ತಿರುಗಿ ಛಲೋ ಆಗತೈತೇನ್ರಿ ಟೀಚರ್?"

ಇಡೀ ಕೋಣೆ ಆರತಿಯ ಕಡೆ ತಿರುಗಿತು. ಹೂಂ ಅಂದರೆ ನೌಕರಿ ಉಳಿಯುತ್ತದೆ. ಆ ಹುಡುಗಿ ಇನ್ನು ಮುಂದೆ ಕೇಳುವುದಿಲ್ಲ, ಅಷ್ಟೇ.

"ಆಗೂದಿಲ್ಲ ಶಮೀಮ," ಎಂದಳು ಆರತಿ. "ಇದು ನಿಮ್ಮದಲ್ಲ. ನಿಮ್ಮದನ್ನ ಚೆಲ್ಯಾರ."

"ಯಾರ್ರಿ?"

ಆರತಿ ಹೆಸರು ಹೇಳಲಿಲ್ಲ. ಗೋಡೆಯ ಕಡೆ ನೋಡಲೂ ಇಲ್ಲ.

"ನಾನು," ಎಂದು ಹಿಂದಿನಿಂದ ದನಿ ಬಂತು. ಅಮರೇಶ ಮುಂದೆ ಬಂದು ಮಕ್ಕಳ ಎದುರು ನಿಂತ.

"ಯಾಕ್ರಿ ಸರ?"

"ವಾಸನಿ ಬರತಿತ್ತು."

"ನಮಗೂ ಬರತಿತ್ರಿ. ನಾವು ಚೆಲ್ಲಲಿಲ್ಲಲ್ರಿ?"

"ಬಂದವ್ರು ನೋಡಿದ್ರ ನಿಮ್ಮ ಟೀಚರನ್ನ ಸಾಲಿ ಬಿಡಸ್ತಾರಂತ ಅಂಜಿದೆ."

"ಬಿಡಿಸಿದ್ರ ನಿಮಗೇನಾಗತೈತ್ರಿ?"

ಪಾಲಕರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಮರೇಶನ ಕಿವಿ ಕೆಂಪಾದವು. ಅವನು ಹೆಡ್ ಸರ್ ಕಡೆ ನೋಡಿದ, ಅವರು ಮುಖ ತಿರುಗಿಸಿದರು.

"ಹೇಳ್ರಿ ಮಾಸ್ತರ, ಕೂಸು ಕೇಳಾಕತ್ತೈತಿ," ಎಂದರು ಶರಣವ್ವನವರು ಚಷ್ಮಾ ಸರಿಮಾಡಿಕೊಳ್ಳುತ್ತ.

"ನನಗ ಅವ್ರ ಮ್ಯಾಲ ಭಾಳ ಜೀವ," ಎಂದ ಅಮರೇಶ. ಅದನ್ನು ಅವನು ಶಮೀಮಳಿಗೇ ಹೇಳಿದ, ಕಣ್ಣು ತಪ್ಪಿಸದೆ. "ಅವ್ರಿಲ್ಲದ ಸಾಲಿಗೆ ನನಗ ಬರಾಕ ಆಗೂದಿಲ್ಲ."

ಕೋಣೆಯಲ್ಲಿ ನಗುವೆದ್ದಿತು. ಶಮೀಮ ಮಾತ್ರ ನಗಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿದಳು.

"ಜೀವ ಇದ್ರ ಅವ್ರ ಬಾಟ್ಲಿ ಯಾಕ ಚೆಲ್ಲಿದ್ರಿ ಮತ್ತ?"

ನಗು ನಿಂತಿತು.

"ತಪ್ಪಾತವಾ," ಎಂದ ಅಮರೇಶ. "ನೀವೆಲ್ಲ ಸಣ್ಣವ್ರು, ಮರೀತೀರಿ ಅಂತ ತಿಳದಿದ್ದೆ."

"ನಾ ಮರತಿಲ್ರಿ," ಎಂದು ಶಮೀಮ ಕೂತಳು.

ಆರತಿ ಅವನನ್ನು ನೋಡಿದಳು. ಅಂಗಿಯ ತೋಳಿನಿಂದ ಬೆವರು ಒರೆಸಿಕೊಳ್ಳುತ್ತ, ಪಾಠ ಬಾರದ ಹುಡುಗನ ಹಾಗೆ ನಿಂತಿದ್ದ. ಅಸಹ್ಯ ಹೋಗಿರಲಿಲ್ಲ. ಆದರೆ ಅದರ ಅಡಿಯಲ್ಲಿ ಹಳೆಯದು ಇನ್ನೂ ಜೀವ ಹಿಡಿದುಕೊಂಡಿತ್ತು, ಅವಳಿಗೇ ನಾಚಿಕೆಯಾಗುವಷ್ಟು.

ಪಾಠ ಮುಗಿದು ಜನ ಚಹಾಕ್ಕೆ ಹೊರಟಾಗ ಅವನು ಪಡಸಾಲೆಯಲ್ಲಿ ಅವಳ ಹತ್ತಿರ ಬಂದ, ಆದರೂ ಎರಡು ಮಾರು ದೂರವೇ ನಿಂತ.

"ಇನ್ನೂ ಹೇಸಿಗಿ ಬರಾಕತ್ತೈತೇನ್ರಿ?"

"ಹೂನ್ರಿ. ಲಗೂ ಹೋಗೂ ಹಂಗ ಕಾಣಸೂದಿಲ್ಲ."

"ಹೋಗೂ ಮಟಾ ಕಾಯ್ತೇನಿ."

"ಸುಮ್ನ ಕಾಯೂದಲ್ರಿ. ಮಕ್ಕಳು ಮತ್ತ ಕಾಳ ನೆನಿ ಹಾಕ್ತಾರ. ದಿನಾ ಬಂದು ಅವ್ರ ಜೋಡಿ ಕುಂತು ನೋಡ್ರಿ. ಕೇಳಿದ್ದಕ್ಕೆಲ್ಲಾ ಹಿಂಗ ಖರೇ ಹೇಳ್ರಿ."

ಅಷ್ಟರಲ್ಲಿ ಶಾಂತಯ್ಯನವರು ಧುಮುಗುಡುತ್ತ ಬಂದರು. ಮುಖ ನೋಡಿದರೇ ತಿಳಿಯುತ್ತಿತ್ತು, ಶರಣವ್ವನವರು ಏನೇ ಹೇಳಿ ಹೋಗಿರಲಿ, ಇವರು ಇಬ್ಬರನ್ನೂ ಸುಮ್ಮನೆ ಬಿಡುವವರಲ್ಲ.

"ಸೋಮವಾರ ಆಫೀಸಿಗೆ ಬರ್ರಿ. ಮೊದಲ ನೀವು ಬರ್ರಿ ಟೀಚರ್, ಆಮ್ಯಾಲ ಇವ್ರು."

"ಬ್ಯಾರೆ ಬ್ಯಾರೆ ಯಾಕ್ರಿ ಸರ?" ಎಂದಳು ಆರತಿ. "ಇಬ್ರೂ ಕೂಡೇ ಬರ್ತೇವಿ."