ಮೂರು ಎಡಗಾಲು

ಗಂಡ ತೀರಿಕೊಂಡ ಮೇಲೆ ಮೂರು ವರ್ಷ ಆಕೆ ಅವನ ಹಾಯಿದೋಣಿಯೊಳಗೆ ಕಾಲಿಟ್ಟಿರಲಿಲ್ಲ. ಅಷ್ಟರಲ್ಲಿ ಉಪ್ಪುನೀರು ಹೊಕ್ಕು ಎಂಜಿನ್ ಕಲ್ಲಿನಂತೆ ಬಿಗಿದುಕೊಂಡಿತ್ತು. ಹೊರಗೆ ತೆಗೆಯದೆ ರಿಪೇರಿ ಆಗದು ಎಂದ ಮೆಕ್ಯಾನಿಕ್. ಆತನೂ ಹೆಂಡತಿಯನ್ನು ಕಳೆದುಕೊಂಡವನು. ಮಾತು ಕಡಿಮೆ, ಕೈ ಮೃದು.

ನಾಲ್ಕು ದಿನ ಬಿಚ್ಚುವ ಕೆಲಸ. ಆತ ಬಿಚ್ಚಿದ ಪೈಪು, ವೈರುಗಳಿಗೆಲ್ಲ ಆಕೆ ಬಟ್ಟೆಚೂರು ಕಟ್ಟಿ ಗುರುತು ಬರೆದಳು. ಮೂರನೆಯ ದಿನ, ಆತ ಬಾಯಿ ತೆರೆಯುವ ಮೊದಲೇ ಬೇಕಾದ ಸ್ಪ್ಯಾನರನ್ನು ಆಕೆ ಆತನ ಅಂಗೈಯಲ್ಲಿಟ್ಟಿದ್ದಳು. ಆತ ತಲೆಯೆತ್ತಿ ನೋಡಿದ. ಆಮೇಲೆ ಇಬ್ಬರೂ ಎಂಜಿನ್ನನ್ನೇ ನೋಡಿದರು.

ಎಡಕ್ಕೆರಡು, ಬಲಕ್ಕೆರಡು, ಎಂಜಿನ್ನಿನ ನಾಲ್ಕು ಕಾಲುಗಳ ಕೆಳಗೂ ಆಕೆಯ ಗಂಡ ಅಳೆದು ಇಟ್ಟಿದ್ದ ತೆಳು ತಗಡುಗಳಿದ್ದವು. ಅದಲುಬದಲಾದರೆ ದೋಣಿಯೆಲ್ಲ ನಡುಗುತ್ತದೆ. ಒಂದೊಂದು ಕಾಲಿನ ತಗಡನ್ನೂ ಆಕೆಯೇ ಬೇರೆ ಬೇರೆ ಬಟ್ಟೆಚೂರಿನಲ್ಲಿ ಗಂಟು ಕಟ್ಟಿ, ಯಾವ ಕಡೆಯದೆಂದು ಬರೆದಿಟ್ಟಳು.

ಎಂಜಿನ್ ಮೇಲೆ ಬಂದರೆ ಆತನ ಕೆಲಸ ಮುಗಿಯಿತು. ಮರಳಿ ಕೂರಿಸುವವರು ವರ್ಕ್‌ಶಾಪಿನ ಬೇರೆಯವರು. ಅದನ್ನು ನೆನೆದು, ಎಂಜಿನ್ ಎತ್ತುವ ದಿನ ಆಕೆಗೆ ಬೆಳಗಿನಿಂದ ಯಾವುದರಲ್ಲೂ ಮನಸ್ಸಿರಲಿಲ್ಲ. ಈ ವಯಸ್ಸಿನಲ್ಲಿ ಹೀಗೆ ಬಯಸುವುದು ತಪ್ಪೇನಪ್ಪಾ ಎಂದು ದೇವರನ್ನೇ ಕೇಳಿದ್ದಳು.

ದಡದ ಮೇಲೆ ನಿಂತು ರಾಟೆಯ ಸರಪಳಿ ಎಳೆದವಳು ನಾದಿನಿ. ಎಂಜಿನ್ ತೂಗುತ್ತ ಮೇಲೆ ಬಂದು ಹಲಗೆಯ ಮೇಲೆ ಕೂತಿತು.

"ಅತ್ತಿಗೆ, ಎಂಜಿನ್ ತೆಗೆದಿದ್ದೋ, ಮಗಳನ್ನ ಗಂಡನ ಮನೆಗೆ ಕಳಿಸಿದ್ದೋ? ಇಬ್ಬರ ಮುಖಾನೂ ಬಾಡಿದೆಯಲ್ಲ," ಎಂದಳು.

ಆತ ಕೇಳಿಸದವನಂತೆ ತಗಡಿನ ಗಂಟುಗಳನ್ನು ಎಣಿಸಿದ. ಮೂರರ ಮೇಲೆ 'ಎಡ', ಒಂದರ ಮೇಲೆ 'ಬಲ'.

"ಎಂಜಿನ್‌ಗೆ ಮೂರು ಎಡಗಾಲು ಬರೆದಿದ್ದೀರಿ. ಯಾರ ಎಡ ಇದು?"

ಆಕೆಯ ಮುಖ ಕೆಂಪಾಯಿತು. "ಮೊದಲು ನಿಮ್ಮ ಎದುರಿಗೆ ಕೂತಿದ್ದೆ. ಆಮೇಲೆ ಟಾರ್ಚ್ ಹಿಡಿಯೋಕೆ ನಿಮ್ಮ ಪಕ್ಕಕ್ಕೆ ಬಂದೆ."

"ಯಾವಾಗ ಬಂದ್ರಿ?"

"ಬಂದಿದ್ದೇ ಗೊತ್ತಾಗಲಿಲ್ಲ."

ಆತ ಆ ಬಟ್ಟೆಚೂರುಗಳನ್ನು ಮತ್ತೆ ತಿರುವಿ ನೋಡಿದ. ಇದು ಬೇರೆಯವರ ಕೈಯಲ್ಲಿ ಆಗುವ ಕೆಲಸವಲ್ಲ, ಒಂದೊಂದನ್ನೇ ಇಟ್ಟು ನೋಡಬೇಕು, ತಾನೇ ಬರಬೇಕು, ದಿನಗಟ್ಟಲೆ ಹಿಡಿಯುತ್ತದೆ ಎಂದ.

"ಹಿಡೀಲಿ," ಎಂದಳು ಆಕೆ.

ನಾದಿನಿ ಸರಪಳಿ ಬಿಟ್ಟು ಕೈ ಒರೆಸಿಕೊಂಡಳು. ಅಣ್ಣನ ತಗಡುಗಳನ್ನು ಆತನ ಕೈಯಿಂದ ತೆಗೆದುಕೊಂಡು ಒಮ್ಮೆ ಕಣ್ಣಿಗೊತ್ತಿ, ಮತ್ತೆ ಆತನ ಕೈಗೇ ಇಟ್ಟಳು. "ಜೋಪಾನ," ಎಂದಷ್ಟೇ ಹೇಳಿ ಅತ್ತ ತಿರುಗಿದಳು.

ಆತ ಅವನ್ನು ಎದೆಯ ಜೇಬಿಗೆ ಹಾಕಿಕೊಂಡ.

"ಆದರೆ ಇನ್ನು ಎದುರಿಗೆ ಕೂರಬೇಡಿ."

"ಮತ್ತೆಲ್ಲಿ?"

"ಪಕ್ಕದಲ್ಲೇ. ಆಗ ನಿಮ್ಮ ಎಡ, ನನ್ನ ಎಡ ಒಂದೇ ಆಗುತ್ತೆ."