ಕಾವಲುಗಾರನ ಮಗ

ಮೇ ಹನ್ನೊಂದು, ಭಾನುವಾರ. ಬೆಳಿಗ್ಗೆ ಎಂಟು ಗಂಟೆಗೆ ಕಮಲಾಕ್ಷ ಬಹರೈನಿನ ರಾಜಧಾನಿ ಮನಾಮಾದ ಪೊಲೀಸ್ ಠಾಣೆಯ ಮೆಟ್ಟಿಲೇರಿದಾಗ ಅವನ ಅಂಗಿ ಕೊಳೆತ ಅಂಜಲ್ ಮೀನಿನ ವಾಸನೆ ಹೊಡೆಯುತ್ತಿತ್ತು. ಗುಫೂಲ್ ಬಡಾವಣೆಯ ಒಂದು ವಸತಿ ಕಟ್ಟಡದ ಕೆಳಗೆ ಅವನದೊಂದು ಕೋಲ್ಡ್ ಸ್ಟೋರ್ ಇತ್ತು. ಹಾಲು, ಮೊಟ್ಟೆ, ಕುಚ್ಚಲಕ್ಕಿ, ಮೀನು ಎಲ್ಲವೂ ಸಿಗುವ ಮೂಲೆಯಂಗಡಿ. ಯಾರೋ ಹಿಂದಿನ ಓಣಿಗೆ ಬಂದು ಫ್ರೀಜರ್ ಯಂತ್ರದ ತಾಮ್ರದ ಕೊಳವೆಯನ್ನು ಕತ್ತರಿಸಿ ಹೋಗಿದ್ದರು. ಒಂದು ಕಡ್ಡಿಯನ್ನೂ ಕದ್ದಿರಲಿಲ್ಲ.

ಇನ್ಸ್‌ಪೆಕ್ಟರ್ ಜಾಸಿಮ್ ದೂರು ಬರೆಸಿಕೊಂಡರು. ಕನ್ನಡವನ್ನು ಅರಬಿಗೆ ದಾಟಿಸಿದವನು ಠಾಣೆಯ ದುಭಾಷಿ ಕಾನ್‌ಸ್ಟೇಬಲ್ ಫವಾಝ್. ಉಳ್ಳಾಲದ ಬ್ಯಾರಿ ಮನೆತನದವನು, ಬಹರೈನಿನಲ್ಲೇ ಬೆಳೆದವನು. ಊರಿನವರು ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಬಲಾಗ್ ಎನ್ನುತ್ತಾರೆ. ಹೆಸರು ಯಾವುದಾದರೇನು, ನೊಂದವನ ಮಾತು ಅದರಲ್ಲಿ ವಕ್ರವಾಗದೆ ಇಳಿಯಬೇಕು ಎಂಬುದು ಫವಾಝನ ಹಟವಾಗಿತ್ತು.

"ಯಾರ ಮೇಲಾದ್ರೂ ಸಂಶಯ ಉಂಟಾ ಕಮಲಾಕ್ಷಣ್ಣ?"

"ಹೇಳ್ಲಿಕ್ಕೆ ಮನಸ್ಸಿಲ್ಲ ಮಾರಾಯ. ಈ ತಿಂಗಳಲ್ಲಿ ಮೂರು ಅಂಗಡಿದ್ದು ಫ್ರೀಜರ್ ಹೋಯ್ತಲ್ಲ, ಮೂರಕ್ಕೂ ರಿಪೇರಿಗೆ ಬರುವುದು ಜೆರಿಯೇ."

"ಜೆರಿಯಾ? ಈ ಶುಕ್ರವಾರ ಅವನ ಮದುವೆ."

"ಅದಕ್ಕೇ ಹೇಳಿದ್ದು. ಫ್ರೀಜರ್ ಹಾಳಾದ್ರೆ ಕೆಲಸ ಸಿಗುವುದು ಯಾರಿಗೆ? ನನಗಲ್ಲ. ನನ್ನ ಅಂಗಡಿಗೆ ಈಗ ಬೆಕ್ಕು ಸಹ ಮೂಗು ಮುಚ್ಚಿಕೊಂಡು ಬರ್ತದೆ."

ಹತ್ತು ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಕೊಳವೆಯನ್ನು ಗರಗಸದಿಂದ ಕೊಯ್ದಿರಲಿಲ್ಲ. ಸುತ್ತ ತಿರುಗಿಸಿ ಕತ್ತರಿಸುವ ಪೈಪ್ ಕಟರ್ ಬಳಸಿದ್ದರು. ಕತ್ತರಿಸಿದ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೀರಿತ್ತು. ಕಟರಿನ ಅಲಗು ಒಂದು ಕಡೆ ಮುಕ್ಕಾಗಿರಬೇಕು ಎಂದು ಜಾಸಿಮ್ ಬರೆಸಿದರು. ಉಳಿದೆರಡು ಅಂಗಡಿಗಳ ಕೊಳವೆಗಳಲ್ಲೂ ಅದೇ ಗೀರು ಕಂಡಿತು. ಮೂರು ಯಂತ್ರಗಳ ಮೇಲೂ ಜೆರಿಯ ಬೆರಳಚ್ಚು ಇತ್ತು.

ಮಧ್ಯಾಹ್ನ ಜೆರಿಯನ್ನು ಕರೆಸಿದರು. ಅವನ ಕಟರಿನ ಅಲಗು ಸರಿಯಾಗಿಯೇ ಇತ್ತು. ಆದರೆ ಇನ್ನೊಂದನ್ನು ಎಸೆದಿಲ್ಲವೆಂದು ಹೇಳುವವರು ಯಾರು? ಅವನು ದೇಶ ಬಿಡಬಾರದು, ಮುಂದಿನ ಭಾನುವಾರ ಹಾಜರಾಗಬೇಕು ಎಂದು ಪ್ರಾಸಿಕ್ಯೂಷನ್ ಆದೇಶಿಸಿತು. ಸಂಜೆಯೊಳಗೆ ವಧು ಗ್ಲೆನಿಟಾಳ ತಂದೆಯಿಂದ ಜೆರಿಯ ತಾಯಿ ಎಸ್ತರ್ ಬಾಯಿಗೆ ಮಾತು ಬಂತು: ಶುಕ್ರವಾರದೊಳಗೆ ಹುಡುಗ ನಿರ್ದೋಷಿಯೆಂದು ಗೊತ್ತಾಗದಿದ್ದರೆ ಮದುವೆ ಇಲ್ಲ.

ಎಸ್ತರ್ ಬಾಯಿಗೆ ಧೈರ್ಯ ಹೇಳಲು ಬಂದವರಲ್ಲಿ ಅವರದೇ ಕಟ್ಟಡದ ಮೇಲಿನ ಮಹಡಿಯ ಗ್ರಹಾಂ ಸಾಹೇಬರೂ ಒಬ್ಬರು. ಅವಾಲಿಯ ತೈಲ ಕಂಪನಿಯಿಂದ ನಿವೃತ್ತರಾದ ಎಂಜಿನಿಯರ್ ಎಂದು ಕಟ್ಟಡದವರೆಲ್ಲ ತಿಳಿದಿದ್ದ ಸ್ಕಾಟ್‌ಲೆಂಡಿನ ಮುದುಕ. ಕ್ರಿಸ್ಮಸಿಗೆ ಮಕ್ಕಳಿಗೆಲ್ಲ ಚಾಕೊಲೇಟ್ ಹಂಚುವವರು. ವಕೀಲರ ಖರ್ಚು ತನಗಿರಲಿ ಎಂದು ಅವರು ಹೇಳಿದಾಗ ಎಸ್ತರ್ ಬಾಯಿ ಅತ್ತೇ ಬಿಟ್ಟರು.

ಆದರೆ ಜಾಸಿಮ್ ಅವಸರದ ಮನುಷ್ಯನಲ್ಲ. ಏನನ್ನೂ ಕದಿಯದವನಿಗೆ ಲಾಭ ಎಲ್ಲಿಂದ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅವರು ಫವಾಝನೊಂದಿಗೆ ಗುಫೂಲಿನ ಅಂಗಡಿಗಳನ್ನೆಲ್ಲ ಸುತ್ತಿದರು. ಮೊದಲು ಹಾನಿಯಾದ ಎರಡೂ ಅಂಗಡಿಗಳಿಗೆ ಕೆಲವೇ ದಿನಗಳಲ್ಲಿ ಒಂದು ಕಾವಲು ಸಂಸ್ಥೆಯ ಜನ ಬಂದಿದ್ದರು. ತಿಂಗಳಿಗಿಷ್ಟು ಕೊಟ್ಟರೆ ಇಂಥದ್ದಾಗದಂತೆ ನೋಡಿಕೊಳ್ಳುತ್ತೇವೆ ಎಂದಿದ್ದರು. ಮೊದಲೇ ಒಪ್ಪಿದವರ ಫ್ರೀಜರ್ ಮಾತ್ರ ಎಲ್ಲೂ ಕೆಟ್ಟಿರಲಿಲ್ಲ. ಆ ಸಂಸ್ಥೆಯ ಕಾವಲುಗಾರನೊಬ್ಬನನ್ನು ಫವಾಝ್ ಹಿಂದಿಯಲ್ಲಿ ವಿಚಾರಿಸಿದ.

"ಮಾಲೀಕನ ಮುಖ ನೋಡಿದ್ದೀಯಾ?"

"ಇಲ್ಲ ಸಾಬ್. ಫೋನ್ ಮಾತ್ರ."

"ದನಿ?"

"ಇಂಗ್ಲಿಷೇ. ಆದರೆ ಬಾಯಲ್ಲಿ ಕಲ್ಲು ಉರುಳಿಸಿದ ಹಾಗೆ."

ಇದೇ ಬಗೆಯ ದಂಧೆ ನಡೆಸಿದ ಇಂಗ್ಲಿಷ್ ಮಾತಿನ ವಿದೇಶಿಯನ್ನು ಹುಡುಕುತ್ತಿದ್ದಾಗ, ಗುರುವಾರ ಬೆಳಿಗ್ಗೆ, ಪರಾರಿಯಾದವರಿಗಾಗಿ ಇಂಟರ್‌ಪೋಲ್ ಹೊರಡಿಸಿದ ಹಳೆಯ ರೆಡ್ ನೋಟಿಸುಗಳ ನಡುವೆ ಜಾಸಿಮ್‌ಗೆ ಬೇಕಾದದ್ದು ಸಿಕ್ಕಿತು. ಕ್ಯಾಲಮ್ ಬೇರ್ಡ್, ಗ್ಲಾಸ್ಗೊ ನಗರದವನು. ಹದಿಹರೆಯದಲ್ಲಿ ಗಾಜು ಕೂರಿಸುವವನೊಬ್ಬನಿಗಾಗಿ ಅಂಗಡಿಗಳ ಕಿಟಕಿ ಒಡೆಯುತ್ತಿದ್ದ. ಇಪ್ಪತ್ತೈದಕ್ಕೆ ಸ್ವಂತ ಕಾವಲು ಸಂಸ್ಥೆ ತೆರೆದ. ಬೇಡವೆಂದ ಗುತ್ತಿಗೆದಾರರ ಯಂತ್ರಗಳು ಬೆಳಗಾಗುವುದರೊಳಗೆ ಸುಟ್ಟು ಬೂದಿಯಾಗುತ್ತಿದ್ದವು. ಆ ಹಣದಿಂದ ಮಾದಕ ವಸ್ತು, ಮಾದಕ ವಸ್ತುವಿನಿಂದ ಮಹಲು. ಸಾಕ್ಷಿ ಹೇಳಲು ಹೊರಟ ಇಬ್ಬರು ನದಿಯಲ್ಲಿ ಹೆಣವಾದರು. ಪತ್ರಿಕೆಗಳು ಅವನ ಕೋಟು, ಕಾರುಗಳನ್ನು ಬಣ್ಣಿಸಿದವೇ ಹೊರತು ಆ ಇಬ್ಬರ ಮನೆಗಳತ್ತ ತಿರುಗಿ ನೋಡಲಿಲ್ಲ. ದುಷ್ಟನ ಠೀವಿಗೆ ಮರುಳಾಗುವ ಸಮಾಜಕ್ಕೂ ಅವನ ಪಾಪದಲ್ಲಿ ಪಾಲಿದೆ. ಒಂಬತ್ತು ವರ್ಷಗಳ ಹಿಂದೆ ಅವನು ಸುಳ್ಳು ಹೆಸರಿನಲ್ಲಿ ಪರಾರಿಯಾಗಿದ್ದ. ನೋಟಿಸಿನ ಚಿತ್ರದಲ್ಲಿದ್ದದ್ದು ದಟ್ಟ ಗಡ್ಡದ ದಢೂತಿ ಆಸಾಮಿ. ಗುರುತು ಒಂದೇ: ಎಡ ಮುಂಗೈ ಮೇಲೆ ಲಾಟೀನಿನ ಹಚ್ಚೆ.

ಅಂದು ಸಂಜೆ ಆರೂವರೆಗೆ ಜೆರಿಯ ರೋಸ್ ಇತ್ತು. ಮದುವೆಯ ಹಿಂದಿನ ದಿನ ಮದುಮಗನಿಗೆ ತೆಂಗಿನ ಹಾಲೂ ಎಣ್ಣೆಯೂ ಹಚ್ಚಿ ಮೀಯಿಸುವ ಈ ಶಾಸ್ತ್ರವನ್ನು ನಿಲ್ಲಿಸಲು ಎಸ್ತರ್ ಬಾಯಿ ಒಪ್ಪಿರಲಿಲ್ಲ. ತನ್ನ ಮಗ ತಪ್ಪು ಮಾಡಿಲ್ಲ, ಮತ್ತೆ ಯಾಕೆ ನಿಲ್ಲಬೇಕು ಎಂಬುದು ಅವರ ನ್ಯಾಯ. ಕಟ್ಟಡದ ತಾರಸಿಯಲ್ಲಿ ಹೆಂಗಸರು ಕೊಂಕಣಿಯ ಮದುವೆ ಹಾಡುಗಳಾದ ವೋವಿಯೊ ಹಾಡುತ್ತಿದ್ದರು. ಆಹ್ವಾನವಿದ್ದ ಫವಾಝ್ ಇನ್ಸ್‌ಪೆಕ್ಟರರ ಅನುಮತಿ ಪಡೆದು ಬಂದು ಮೂಲೆಯಲ್ಲಿ ಕುಳಿತ. ಎಲ್ಲರೂ ಬಂದಿದ್ದರು, ವಧುವಿನ ಕಡೆಯವರು ಮಾತ್ರ ಇರಲಿಲ್ಲ.

ಹಿರಿಯರ ಸರದಿಯಲ್ಲಿ ಗ್ರಹಾಂ ಸಾಹೇಬರನ್ನು ಕರೆದರು. ಬೇಸಗೆಯಲ್ಲೂ ತುಂಬು ತೋಳಿನ ಅಂಗಿ ಬಿಡದ ಅವರು ಅಂದು, ತೊಯ್ಯದಿರಲೆಂದು, ತೋಳು ಮಡಚಿದರು. ಮುಂಗೈ ಬಿಳುಪಾಗಿ, ಕಲೆಯಿಲ್ಲದೆ ಕಂಡಿತು. ಅವರು ಜೆರಿಯ ತಲೆಗೆ ಹಾಲು ಸುರಿದರು. ರೋಸಿನಲ್ಲಿ ಮದುಮಗನಷ್ಟೇ ನೆನೆಯುವುದು ಎಲ್ಲಿಯೂ ಇಲ್ಲ. ಸೋದರಮಾವಂದಿರೂ ಗೆಳೆಯರೂ ಒಬ್ಬರಿಗೊಬ್ಬರು ಮೆತ್ತುತ್ತಿದ್ದಾಗ ಎಸ್ತರ್ ಬಾಯಿ ಎಣ್ಣೆಯ ಬಟ್ಟಲೆತ್ತಿ ಗ್ರಹಾಂರ ಎರಡೂ ಕೈಗಳ ಮೇಲೆ ಧಾರಾಳವಾಗಿ ಸುರಿದರು.

"ನೀವೂ ಮನೆಯವರೇ ಅಲ್ವಾ? ಒಣಗಿದ ಕೈಯಲ್ಲಿ ಕಳಿಸುದಿಲ್ಲ," ಎಂದು ನಗುತ್ತ ಅವರ ಕೈಯನ್ನು ಚೆನ್ನಾಗಿ ತಿಕ್ಕಿದರು.

ಒಂಬತ್ತು ವರ್ಷ ದಿನವೂ ಹಚ್ಚಿಕೊಂಡ, ನೀರಿಗೂ ಬೆವರಿಗೂ ಜಗ್ಗದ ಬಣ್ಣ ತೆಂಗಿನೆಣ್ಣೆಗೆ ಜಾರಿತು. ಎಸ್ತರ್ ಬಾಯಿಯ ಅಂಗೈಗೆ ಮೈಬಣ್ಣದ ಲೇಪ ಅಂಟಿಕೊಂಡಿತು. ಅದು ಬಿಟ್ಟ ಜಾಗದಲ್ಲಿ ಒಂದು ನೀಲಿ ಲಾಟೀನು ಮೂಡಿತು. ಗ್ರಹಾಂ ತೋಳು ಕೆಳಗೆಳೆದುಕೊಂಡಾಗ ಫವಾಝ್ ಎದ್ದು ನಿಂತಾಗಿತ್ತು.

ಅವನು ಮೆಟ್ಟಿಲ ಬಳಿಯಿಂದ ಫೋನ್ ಮಾಡಿದ. ಶಾಸ್ತ್ರ ಕೆಡಿಸಬೇಡ, ಅವನು ಇಳಿಯುವಾಗ ನಾನು ಕೆಳಗಿರುತ್ತೇನೆ ಎಂದರು ಜಾಸಿಮ್. ಏಳೂಕಾಲಕ್ಕೆ, ಕಾರಿನ ಬಾಗಿಲು ತೆರೆಯುತ್ತಿದ್ದಾಗ, ಕ್ಯಾಲಮ್ ಬೇರ್ಡನ ಬಂಧನವಾಯಿತು. ಜಪ್ತಿ ಪಂಚನಾಮೆಯಲ್ಲಿ ಡಿಕ್ಕಿಯಿಂದ ಒಂದು ಪೈಪ್ ಕಟರ್ ಸಿಕ್ಕಿತು. ಅದರ ಅಲಗು ಮುಕ್ಕಾಗಿತ್ತು. ಕಾವಲುಗಾರನಿಗೆ ದನಿ ಕೇಳಿಸಿದಾಗ, ಇದೇ ದನಿ ಎನ್ನಲು ಅವನು ಅರೆಕ್ಷಣವೂ ಯೋಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೇಳಿಕೆ ದಾಖಲಾಯಿತು.

"ಈ ವಯಸ್ಸಿನಲ್ಲಿ ನೀನೇ ಕೊಳವೆ ಕತ್ತರಿಸಿದೆಯಾ?" ಎಂದು ಜಾಸಿಮ್ ಕೇಳಿದರು.

"ಬೇರೆಯವರನ್ನು ನಂಬುವ ಅಭ್ಯಾಸವಿಲ್ಲ."

"ಲಾಟೀನು ಯಾರದು?"

ಮುದುಕ ಹೇಳಿದ್ದು ಇಷ್ಟು: ಅವನ ತಂದೆ ಹಡಗು ಕಟ್ಟೆಯಲ್ಲಿ ರಾತ್ರಿ ಕಾವಲುಗಾರ. ಒಂದು ಮೊಳೆಯನ್ನೂ ಮನೆಗೆ ತಂದವನಲ್ಲ. ಕಟ್ಟೆಯಲ್ಲಿ ಹಿತ್ತಾಳೆ ಕಳುವಾದಾಗ, ಅಲ್ಲಿ ಸಿಕ್ಕಿದ ಕಾವಲು ಲಾಟೀನಿನ ಮೇಲೆ ಅವನ ಬೆರಳಚ್ಚಿದೆ ಎಂದು ಅವನನ್ನೇ ಹೊರಗಟ್ಟಿದರು. ಕಾಯುವವನಿಗೆ ಯಾರೂ ಬೆಲೆ ಕೊಡುವುದಿಲ್ಲ, ಹೆದರಿಸುವವನಿಗೆ ಕೊಡುತ್ತಾರೆ ಎಂದು ಆಗ ಹನ್ನೊಂದು ವರ್ಷದವನಾಗಿದ್ದ ಮಗ ಕಲಿತುಕೊಂಡ.

"ಜೆರಿಯ ಬೆರಳಚ್ಚಿನ ಸುದ್ದಿ ಕೇಳಿದಾಗ ತಂದೆಯ ನೆನಪಾಗಲಿಲ್ಲವೇ?"

ಬೇರ್ಡ್ ಎಣ್ಣೆ ಹೀರಿ ಗಟ್ಟಿಯಾದ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

ಜೆರಿ ನಿರ್ದೋಷಿಯೆಂಬ ಪ್ರಾಸಿಕ್ಯೂಷನ್ನಿನ ಆದೇಶದೊಂದಿಗೆ ಜಾಸಿಮ್ ತಾವೇ ಗ್ಲೆನಿಟಾಳ ತಂದೆಯ ಮನೆಗೆ ಹೋದರು. ಸಂಜೆ ನಾಲ್ಕಕ್ಕೆ ಚರ್ಚಿನಲ್ಲಿ ಮದುವೆ ನಡೆಯಿತು. ಊಟದ ಹಾಲಿನಲ್ಲಿ ಕಮಲಾಕ್ಷ ಅಂಜಲ್ ಹುರಿದದ್ದನ್ನು ತಾನೇ ಬಡಿಸುತ್ತ, ಜೆರಿಯ ತಟ್ಟೆಗೆ ಎರಡೆರಡು ತುಂಡು ಹಾಕಿದ.

"ತಿನ್ನು ಮಾರಾಯ. ಇದು ನನ್ನ ಫ್ರೀಜರಿಂದಲ್ಲ, ಹೆದರ್ಬೇಡ. ನನ್ನ ಬಾಯಿ ದೊಡ್ಡದಾಯ್ತು, ಮರೆತುಬಿಡು."

ಜೆರಿ ನಕ್ಕ. ಫವಾಝ್ ಪಕ್ಕದಲ್ಲಿ ಕುಳಿತು, ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡ. ಗ್ರಹಾಂ ಅಂಕಲ್ ಯಾಕೆ ಹೀಗಾದರು ಎಂದು ಜೆರಿ ಮೆಲ್ಲಗೆ ಕೇಳಿದಾಗ, ಹಡಗು ಕಟ್ಟೆಯ ಕಾವಲುಗಾರನ ಕತೆಯನ್ನು ಹೇಳಿದ.

"ಆ ಹಿತ್ತಾಳೆ ಕದ್ದದ್ದು ಯಾರೂಂತ ಆಮೇಲೆ ಗೊತ್ತಾಯ್ತಾ?"

"ಇಲ್ಲ. ಬೆರಳಚ್ಚು ಸಿಕ್ಕಿದ ಮೇಲೆ ಅಲ್ಲಿ ಯಾರೂ ಮುಂದೆ ವಿಚಾರಿಸ್ಲೇ ಇಲ್ಲ."

ಜೆರಿ ತಲೆಯೆತ್ತಿ ನೋಡಿದ. ಎದುರಿನ ಸಾಲಿನಲ್ಲಿ ಇನ್ಸ್‌ಪೆಕ್ಟರ್ ಜಾಸಿಮ್, ಎಸ್ತರ್ ಬಾಯಿ ಬಲವಂತವಾಗಿ ಬಡಿಸಿದ ಇಡ್ಲಿಯಂಥ ಸನ್ನಾಣವನ್ನು ಹೇಗೆ ತಿನ್ನಬೇಕೆಂದು ಪಕ್ಕದವರನ್ನು ವಿಚಾರಿಸುತ್ತಿದ್ದರು.